ಹೊಸ ವಿಭಾಗ ಕಟ್ಟಲು ಊರಿಗೆ ಬರಲೇ, ಬೆಂಗಳೂರಿನ ಕೆಲಸ ಹಿಡಿಯಲೇ?

ಅಳಿವೆಬಾಗಿಲು:

ನಮಸ್ಕಾರ. ನಾನು ಬ್ರಹ್ಮಾವರದವಳು, ವಯಸ್ಸು 34. ಪಿಎಚ್‌ಡಿ ಬೆಂಗಳೂರಿನಲ್ಲಿ ಆಯಿತು. ಮೂರು ವರ್ಷದಿಂದ ಜರ್ಮನಿಯ ಕೀಲ್ ಎಂಬ ಬಂದರು ಪಟ್ಟಣದಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧಕಿ. ನನ್ನ ಕೆಲಸ ವಿಬ್ರಿಯೊ ಬ್ಯಾಕ್ಟೀರಿಯಾಗಳ ಮೇಲೆ. ಕಾಲರಾ ತರುವ ವಿಬ್ರಿಯೊ ಎಲ್ಲರಿಗೂ ಗೊತ್ತು. ಅದೇ ಬಳಗದ ಇನ್ನು ಕೆಲವು ಉಪ್ಪುನೀರು ಸಿಹಿನೀರು ಸೇರುವ ಕಡೆ ಇರುತ್ತವೆ. ಅರೆಬೆಂದ ಚಿಪ್ಪಿನ ಮಾಂಸದಿಂದ ಹೊಟ್ಟೆಗೆ ಹೋಗುತ್ತವೆ, ಕಾಲಿನ ಗಾಯದಿಂದ ರಕ್ತಕ್ಕೆ ಹೋಗುತ್ತವೆ. ಇಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಬೇಸಿಗೆಯ ಸೆಕೆ ಏರಿದ ವರ್ಷ ಈ ಸೋಂಕೂ ಏರುತ್ತದೆ. ಚಳಿಗಾಲದಲ್ಲಿ ನೀರನ್ನು ತಟ್ಟೆಯಲ್ಲಿ ಬೆಳೆಸಿ ನೋಡಿದರೆ ಒಂದು ಕಾಲನಿ (ಬ್ಯಾಕ್ಟೀರಿಯಾದ ಗುಂಪಿನ ಚುಕ್ಕೆ) ಬರುವುದೂ ಅಪರೂಪ.

ಈಗ ಎರಡು ಕೆಲಸ ಕೈಯಲ್ಲಿವೆ. ಒಂದು, ಕರಾವಳಿಯ ಒಂದು ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕಿ. ಸಾಗರ ಸೂಕ್ಷ್ಮಜೀವಿ ವಿಜ್ಞಾನದ ವಿಭಾಗ ಹೊಸದಾಗಿ ತೆರೆಯುತ್ತಾರಂತೆ. ಹುದ್ದೆ ಮೂರು ಮಂಜೂರಾಗಿವೆ, ಸದ್ಯಕ್ಕೆ ತುಂಬುವುದು ಒಂದೇ. ಅಂದರೆ ನಾನೇ ಪಾಠ ಮಾಡುವವಳು, ನಾನೇ ಪ್ರಭಾರ ಮುಖ್ಯಸ್ಥೆ, ಖರೀದಿ ಸಮಿತಿಗೆ ಕಾಗದ ಬರೆಯುವವಳೂ ನಾನೇ. ಮೂಲ ವೇತನ 57,700. ಇನ್ನೊಂದು, ಬೆಂಗಳೂರಿನಲ್ಲಿ ರೋಗಪತ್ತೆ ಕಿಟ್ ಮಾಡುವ ಕಂಪನಿಯ ಸಂಶೋಧನಾ ವಿಭಾಗ. ಸಂಬಳ ಎರಡು ಪಟ್ಟಿಗೂ ಹೆಚ್ಚು, ಯಂತ್ರಗಳೆಲ್ಲ ಸಿದ್ಧವಾಗಿವೆ.

ಹಣದ ವಿಷಯ ನಾನು ಹೇಗೋ ಸುಧಾರಿಸಿಕೊಳ್ಳುತ್ತೇನೆ. ನನ್ನ ಭಯ ಬೇರೆ. ಇಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಸಮುದ್ರ ಭೌತಶಾಸ್ತ್ರದವರಿದ್ದಾರೆ, ಆಚೆ ಜೀನೋಮ್ ಲೆಕ್ಕ ಹಾಕುವವರಿದ್ದಾರೆ. ಸಂಶಯ ಬಂದರೆ ಕಾಫಿ ಕುಡಿಯುತ್ತಾ ಕೇಳಿದರೆ ಮುಗಿಯಿತು. ಅಲ್ಲಿಗೆ ಒಬ್ಬಳೇ ಹೋಗಿ ಐದು ವರ್ಷ ಕಳೆದ ಮೇಲೆ ನಾನು ವಿಜ್ಞಾನಿಯಾಗಿ ಉಳಿದಿರುತ್ತೇನಾ?

ಆದರೆ ಮನಸ್ಸು ಎಳೆಯುತ್ತದೆ. ಸೀತಾ, ಸ್ವರ್ಣಾ ಎರಡೂ ಹೊಳೆ ಸಮುದ್ರ ಸೇರುವ ಕೋಡಿ ಬೆಂಗ್ರೆ ನಮ್ಮ ಮನೆಯಿಂದ ದೂರವಿಲ್ಲ. ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಮೊಣಕಾಲು ನೀರಿನಲ್ಲಿ ನಿಂತು ಮರುವಾಯಿ (ಚಿಪ್ಪುಮೀನು) ಹೆಕ್ಕಿದ್ದೇನೆ. ಆ ನೀರಿನಲ್ಲಿ ಏನಿದೆ ಅಂತ ನೋಡಬೇಕು ಎಂಬ ಆಸೆಯೇ ನನ್ನನ್ನು ಈ ವಿಷಯಕ್ಕೆ ತಂದದ್ದು. ಅಮ್ಮ ಈಗ ಒಬ್ಬರೇ ಇದ್ದಾರೆ.

ವಿಭಾಗ ಕಟ್ಟಿದವರು, ಕಟ್ಟುವುದನ್ನು ಹತ್ತಿರದಿಂದ ನೋಡಿದವರು ದಯವಿಟ್ಟು ಬರೆಯಿರಿ. ಈ ತಿಂಗಳ ಕೊನೆಗೆ ಉತ್ತರ ಕೊಡಬೇಕು.


ಮೂಲ್ಕಿಯಿಂದ ಪೀಣ್ಯ:

ನಾನು ಕಂಪನಿಯವನು, ಹನ್ನೊಂದು ವರ್ಷವಾಯಿತು, ಎಂಜೈಮ್ ತಯಾರಿಸುವ ಕಡೆ. ನೇರವಾಗಿ ಹೇಳುತ್ತೇನೆ: ಕಂಪನಿಯ ಕೆಲಸ ಕೀಳಲ್ಲ. ಒಂದು ಕಿಟ್ ಸರಿಯಾಗಿ ಕೆಲಸ ಮಾಡಿದರೆ ಸಾವಿರಾರು ಜನರಿಗೆ ಸರಿಯಾದ ಹೊತ್ತಿಗೆ ಮದ್ದು ಸಿಗುತ್ತದೆ. ಅದೂ ವಿಜ್ಞಾನವೇ.

ಆದರೆ ಎರಡು ಸಂಗತಿ ತಿಳಿದಿರಲಿ. ಯಾವ ಪ್ರಶ್ನೆ ಕೇಳಬೇಕು ಎಂದು ಅಲ್ಲಿ ನೀವು ತೀರ್ಮಾನಿಸುವುದಿಲ್ಲ. ನಾನು ಎರಡು ವರ್ಷ ಪ್ರೀತಿಯಿಂದ ಮಾಡಿದ ಕೆಲಸ ಒಂದು ಸೋಮವಾರ ಬೆಳಿಗ್ಗೆ ನಿಂತುಹೋಯಿತು, ಮಾರುಕಟ್ಟೆ ಇಲ್ಲ ಅಂತ. ಕಾರಣ ಸರಿಯಾಗಿಯೇ ಇತ್ತು, ಆದರೂ ವಾರಗಟ್ಟಲೆ ಊಟ ಸೇರಲಿಲ್ಲ. ಎರಡನೆಯದು, ಮಾಡಿದ್ದರಲ್ಲಿ ಹೆಚ್ಚಿನದನ್ನು ಪ್ರಕಟಿಸಲಿಕ್ಕೆ ಬಿಡುವುದಿಲ್ಲ. ನಾಲ್ಕೈದು ವರ್ಷ ಪೇಪರ್ ಇಲ್ಲದೆ ಹೋದರೆ ವಿಶ್ವವಿದ್ಯಾಲಯದ ಕಡೆ ಮತ್ತೆ ತಿರುಗುವುದು ಬಹಳ ಕಷ್ಟ. ಅಲ್ಲಿಂದ ಇಲ್ಲಿಗೆ ಬಂದವರನ್ನು ಎಷ್ಟೋ ನೋಡಿದ್ದೇನೆ. ಇಲ್ಲಿಂದ ಅಲ್ಲಿಗೆ ಹೋದವರು ನನಗೆ ಗೊತ್ತಿರುವವರಲ್ಲಿ ಒಬ್ಬರೇ.


ಕಟಪಾಡಿ ಟೀಚರ್:

ನಿಮ್ಮ ಪ್ರಶ್ನೆ ನಿನ್ನೆ ರಾತ್ರಿ ಓದಿದೆ. ಬೆಳಿಗ್ಗೆ ಎದ್ದು ಮೊದಲು ಮಾಡಿದ ಕೆಲಸ ಇದನ್ನು ಬರೆಯಲಿಕ್ಕೆ ಕೂತದ್ದು. ಇದೇ ಪ್ರಶ್ನೆ 1991ರಲ್ಲಿ ನನ್ನೆದುರು ಇತ್ತು, ಕೇಳ್ಲಿಕ್ಕೆ ಜನ ಇರ್ಲಿಲ್ಲ.

ನಾನು ಪುಣೆಯಲ್ಲಿ ಪಿಎಚ್‌ಡಿ ಮುಗಿಸಿದವಳು. ಅಲ್ಲೇ ಒಂದು ದೊಡ್ಡ ಪ್ರಯೋಗಾಲಯದಲ್ಲಿ ಖಾಯಂ ಕೆಲಸ ಸಿಕ್ಕಿತ್ತು. ಅದನ್ನು ಬಿಟ್ಟು ಇಲ್ಲಿ ಸೂಕ್ಷ್ಮಜೀವಿ ವಿಭಾಗ ಶುರು ಮಾಡ್ಲಿಕ್ಕೆ ಬಂದೆ. ಯಾವ ವಿಶ್ವವಿದ್ಯಾಲಯ ಅಂತ ಹೇಳುವುದಿಲ್ಲ, ಕಹಿ ವಿಷಯಗಳೂ ಬರ್ಲಿಕ್ಕುಂಟು. ಕೊಟ್ಟದ್ದು ಎರಡು ಕೋಣೆ. ಮೊದಲು ಅಲ್ಲಿ ಉತ್ತರ ಪತ್ರಿಕೆಯ ಕಟ್ಟುಗಳನ್ನು ಇಡ್ತಿದ್ರು. ಗೋಡೆಗೆ ಗೆದ್ದಲು ಹತ್ತಿತ್ತು. ಒಂದು ಹಳೆ ಸೂಕ್ಷ್ಮದರ್ಶಕ, ಎಂಟು ಮಕ್ಕಳು, ನಾನು. ಉಗಿಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಆಟೋಕ್ಲೇವ್ ಬರ್ಲಿಕ್ಕೆ ಹದಿನಾಲ್ಕು ತಿಂಗಳು ಹಿಡೀತು.

ಆ ಹದಿನಾಲ್ಕು ತಿಂಗಳು ನಾವು ಸುಮ್ಮನೆ ಕೂರ್ಲಿಲ್ಲ. ನೀವು ವಿಬ್ರಿಯೊದವರು, ನಿಮಗೆ ಗೊತ್ತಿದೆ: ವಿಬ್ರಿಯೊ ಬೆಳೆಸುವ ಟಿಸಿಬಿಎಸ್ ಮಾಧ್ಯಮಕ್ಕೆ ಆಟೋಕ್ಲೇವ್ ಬೇಡ, ಕುದಿಸಿದರೆ ಸಾಕು. ಹಾಗಾಗಿ ನಾವು ವಿಬ್ರಿಯೊದಿಂದಲೇ ಶುರು ಮಾಡಿದ್ದು! ಸೀಮೆಎಣ್ಣೆ ಸ್ಟೌ, ಒಂದು ದೊಡ್ಡ ಕೋನಿಕಲ್ ಫ್ಲಾಸ್ಕ್. ಪೆಟ್ರಿ ತಟ್ಟೆಗಳನ್ನು ಪಕ್ಕದ ವಿಭಾಗದ ಬಿಸಿಗಾಳಿ ಒಲೆಯಲ್ಲಿ ಕೇಳಿ ಇಟ್ಟುಕೊಳ್ತಿದ್ದೆವು. ಮಕ್ಕಳು ಅಳಿವೆಯ ನೀರು ತಂದು ಹಚ್ಚಿದರು. ಮರುದಿನ ಬೆಳಿಗ್ಗೆ ತಟ್ಟೆಯಲ್ಲಿ ಹಳದಿ ಕಾಲನಿ, ಹಸಿರು ಕಾಲನಿ ಎರಡೂ ಎದ್ದಿದ್ದವು. ಒಂದು ಹುಡುಗಿ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡು ಎಷ್ಟೋ ಹೊತ್ತು ನಿಂತೇ ಇದ್ದಳು. ಅವಳು ಈಗ ಒಂದು ಆಸ್ಪತ್ರೆಯ ಪ್ರಯೋಗಾಲಯ ನಡೆಸ್ತಾಳೆ. ಆ ದಿನ ಆ ಕೋಣೆ ನನಗೆ ವಿಭಾಗ ಅಂತ ಅನ್ನಿಸಿತು.

ಈಗ ನೀವು ಕೇಳಿದ್ದಕ್ಕೆ ಬರ್ತೇನೆ. ವಿಜ್ಞಾನಿಯಾಗಿ ಉಳೀತೇನಾ ಅಂತ ಕೇಳಿದ್ರಿ. ಮೊದಲ ಆರು ವರ್ಷ ನನ್ನ ಹೆಸರು ಮುಂದಿದ್ದ ಒಂದೇ ಒಂದು ಒಳ್ಳೆಯ ಪೇಪರ್ ಬರ್ಲಿಲ್ಲ. ಪುಣೆಯ ಗೆಳತಿಯರು ಮುಂದೆ ಹೋದರು. ಅದು ನೋವು ಕೊಟ್ಟಿತು, ಈಗಲೂ ಅದನ್ನು ಸಣ್ಣದು ಅಂತ ಹೇಳುವುದಿಲ್ಲ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ ಅಂತ ಯುಜಿಸಿ ನಿಯಮ. ಒಬ್ಬರೇ ಇದ್ದರೆ ಅದು 16ರಲ್ಲಿ ನಿಲ್ಲುವುದಿಲ್ಲ. ಎರಡು ವರ್ಷದ ಎಂಎಸ್ಸಿಗೆ ನಾಲ್ಕು ಸೆಮಿಸ್ಟರಿನ ಪಾಠ, ಪ್ರಾಕ್ಟಿಕಲ್, ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಅದರ ಮೇಲೆ ಮುಖ್ಯಸ್ಥರ ಕಾಗದ ಪತ್ರ. ಅತಿಥಿ ಉಪನ್ಯಾಸಕರನ್ನು ಕೊಡ್ತೇವೆ ಅಂತಾರೆ. ಪಾಪ, ಅವರಿಗೆ ತಿಂಗಳುಗಟ್ಟಲೆ ಸಂಬಳ ಆಗುವುದಿಲ್ಲ, ಸೆಮಿಸ್ಟರ್ ಮಧ್ಯದಲ್ಲಿ ಬಿಟ್ಟು ಹೋಗ್ತಾರೆ. ಅವರನ್ನು ದೂರ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ.

ಹಾಗಾಗಿ ಸೇರುವ ಮೊದಲೇ ಒಂದು ವಿಷಯಕ್ಕೆ ಹಟ ಹಿಡಿಯಿರಿ: ಎರಡನೆಯ ಹುದ್ದೆ ಯಾವಾಗ ತುಂಬುತ್ತಾರೆ? ದಿನಾಂಕ ಸಹಿತ ಬರವಣಿಗೆಯಲ್ಲಿ ಬೇಕು. ಕಟ್ಟಡ ಬೇಡ, ಯಂತ್ರ ಆಮೇಲೆ ಬರ್ಲಿ. ನಿಮ್ಮ ಆ ಕಾಫಿ ಮೇಜು ಉಂಟಲ್ಲ, ಅದನ್ನು ಶುರು ಮಾಡ್ಲಿಕ್ಕೆ ಎರಡನೆಯ ಮನುಷ್ಯ ಬೇಕು. ಮತ್ತೆ ಆ ಮನುಷ್ಯ ನಿಮ್ಮ ಹಾಗೆ ಇರಬಾರದು. ನಾನು ತಪ್ಪಿದ್ದು ಇಲ್ಲೇ. 1996ರಲ್ಲಿ ಎರಡನೆಯ ಹುದ್ದೆ ತುಂಬಿದಾಗ ಆಯ್ಕೆಯಲ್ಲಿ ನನ್ನ ಮಾತಿಗೆ ಬೆಲೆ ಇತ್ತು. ನಾನು ನನ್ನದೇ ವಿಷಯದವರನ್ನು ಒತ್ತಾಯಿಸಿದೆ, ಕೆಲಸ ಹಂಚಿಕೊಳ್ಳಬಹುದು ಅಂತ. ಒಳ್ಳೆಯವರೇ ಬಂದರು. ಆದರೆ ನನಗೆ ಗೊತ್ತಿಲ್ಲದ್ದು ಅವರಿಗೂ ಗೊತ್ತಿರ್ಲಿಲ್ಲ. ಹತ್ತು ವರ್ಷ ಇಬ್ಬರೂ ಒಂದೇ ಕಿಟಕಿಯಿಂದ ನೋಡಿದೆವು. 2007ರಲ್ಲಿ ಮೂರನೆಯವರಾಗಿ ಬಂದ ಹುಡುಗ ಸಂಖ್ಯಾಶಾಸ್ತ್ರ, ಜೀನೋಮಿಕ್ಸ್ ಕಲಿತವನು. ನಮ್ಮ ಹದಿನೈದು ವರ್ಷದ ನೋಟ್‌ಬುಕ್ಕುಗಳನ್ನು ಒಂದು ಮಳೆಗಾಲ ಕೂತು ಕಂಪ್ಯೂಟರಿಗೆ ಹಾಕಿದ. ನಾವು ಯಾವುದೋ ಪಿಎಚ್‌ಡಿಗೆ ಅಂತ ಬಿಡಿ ಬಿಡಿಯಾಗಿ ಬರೆದಿಟ್ಟ ಉಪ್ಪಿನಂಶದ ಅಂಕಿಗಳಲ್ಲಿ ಇಡೀ ಒಂದು ಕತೆ ಇತ್ತು. ಆಮೇಲೆ ಬಂದ ನಮ್ಮ ಒಳ್ಳೆಯ ಪೇಪರುಗಳೆಲ್ಲ ಅಲ್ಲಿಂದ ಹುಟ್ಟಿದವು. ಅವನು ನನಗಿಂತ ಚುರುಕು, ಅದು ನನಗೆ ಮೊದಲ ವಾರವೇ ಗೊತ್ತಾಗಿತ್ತು.

ಇನ್ನು ಏನು ಮಾಡುವುದು ಎಂಬ ವಿಷಯ. ಕೀಲ್‌ನಲ್ಲಿ ಮಾಡಿದ್ದನ್ನೇ ಇಲ್ಲಿ ಮಾಡ್ಲಿಕ್ಕೆ ಹೋಗ್ಬೇಡಿ, ಅವರ ಯಂತ್ರಗಳ ಜೊತೆ ಓಡ್ಲಿಕ್ಕೆ ಆಗುವುದಿಲ್ಲ. ಆದರೆ ಅವರಿಗೆ ಸಿಗದ್ದು ನಿಮಗೆ ಮನೆ ಬಾಗಿಲಲ್ಲಿ ಉಂಟು. ಬಾಲ್ಟಿಕ್‌ನಲ್ಲಿ ವಿಬ್ರಿಯೊವನ್ನು ಏರಿಸುವುದು ಇಳಿಸುವುದು ನೀರಿನ ಬಿಸಿ, ಅಲ್ವಾ? ನಮ್ಮ ಅಳಿವೆಯ ನೀರು 25 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಅಪರೂಪ. ಇಲ್ಲಿ ಬದಲಾಗುವುದು ಉಪ್ಪು. ಮೇ ತಿಂಗಳಲ್ಲಿ ಸಮುದ್ರದ ಹತ್ತಿರ ಹತ್ತಿರ ಉಪ್ಪು. ಜುಲೈಯಲ್ಲಿ ಹೊಳೆ ತುಂಬಿ ಬಂದಾಗ ಅದೇ ಜಾಗದ ನೀರನ್ನು ಬಾಯಿಗೆ ಹಾಕಿದರೆ ಸಪ್ಪೆ. ಬಿಸಿಯನ್ನು ಹೆಚ್ಚುಕಮ್ಮಿ ಹಾಗೇ ಇಟ್ಟು ಉಪ್ಪನ್ನು ಮಾತ್ರ ಏರಿಸಿ ಇಳಿಸುವ ಪ್ರಯೋಗವನ್ನು ಮಳೆಗಾಲ ವರ್ಷ ವರ್ಷ ನಿಮಗೋಸ್ಕರ ಮಾಡಿ ಕೊಡ್ತದೆ. ವಾರಕ್ಕೊಂದು ಸಲ, ಒಂದೇ ಜಾಗ, ಐದು ವರ್ಷ ನೀರು ತೆಗೆಯಿರಿ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಆಗಲೂ ಅಳಿವೆಯ ಒಳಗೆ ಪಾತಿ ದೋಣಿ ಸಿಗ್ತದೆ. ಒಬ್ಬ ದೋಣಿಯವರ ಹತ್ತಿರ ವರ್ಷದ ಲೆಕ್ಕದಲ್ಲಿ ಮಾತಾಡಿಕೊಳ್ಳಿ.

ನಮ್ಮೂರಿನಲ್ಲಿ ಇದು ಹೊಸತೂ ಅಲ್ಲ. ಮಂಗಳೂರಿನ ಮೀನುಗಾರಿಕೆ ಕಾಲೇಜು ಶುರುವಾದದ್ದು 1969ರಲ್ಲಿ, ದೇಶದಲ್ಲೇ ಮೊದಲನೆಯದು. 90ರ ದಶಕದಲ್ಲಿ ಬಿಳಿ ಚುಕ್ಕೆ ವೈರಸ್ ಬಂದು ಸಿಗಡಿ ಕೆರೆಗಳು ಖಾಲಿಯಾದಾಗ ಅಲ್ಲಿಯ ಸೂಕ್ಷ್ಮಜೀವಿ ವಿಭಾಗದವರು ಆ ವೈರಸ್ಸನ್ನು ಪಿಸಿಆರ್ ಮೂಲಕ ಹಿಡಿಯುವ ಕೆಲಸ ಮಾಡಿದರು. ಕಣ್ಣೆದುರಿನ ಕೆರೆಯ ಪ್ರಶ್ನೆಯೇ ಅವರನ್ನು ಹೊರದೇಶದವರು ಹುಡುಕಿಕೊಂಡು ಬರುವ ಹಾಗೆ ಮಾಡಿತು.

ಅದಮಾರಿನ ಯು.ಆರ್. ರಾವ್ ಅವರನ್ನೂ ನಾನು ಆಗಾಗ ನೆನೀತೇನೆ. 1966ರಲ್ಲಿ ಅಮೆರಿಕದ ಕೆಲಸ ಬಿಟ್ಟು ಅಹಮದಾಬಾದಿಗೆ ಬಂದಾಗ ಅವರು ಕಾಸ್ಮಿಕ್ ಕಿರಣಗಳ ವಿಜ್ಞಾನಿ. 1972ರಲ್ಲಿ ಉಪಗ್ರಹ ಕಟ್ಟುವ ಜವಾಬ್ದಾರಿ ಅವರ ಮೇಲೆ ಬಿತ್ತು. ಜಾಗ ಪೀಣ್ಯದ ಕೈಗಾರಿಕಾ ಶೆಡ್ಡುಗಳು. ತಂಡದಲ್ಲಿ ಹೆಚ್ಚಿನವರು ಆಗ ತಾನೇ ಓದು ಮುಗಿಸಿದ ಹುಡುಗರು. 1975ರ ಏಪ್ರಿಲ್ 19ಕ್ಕೆ ಆರ್ಯಭಟ ಮೇಲೆ ಹೋಯಿತು. ನಾವು ಆರ್ಯಭಟ ಅಂತ ಹೇಳಿ ಮುಗಿಸ್ತೇವೆ. ನನಗೆ ಕಾಡುವುದು ಅದಕ್ಕಿಂತ ಮೊದಲಿನ ದಿನ. ಕೈ ಪಳಗಿದ ವಿಷಯವನ್ನು ಪಕ್ಕಕ್ಕೆ ಇಟ್ಟು, ಯಾರಿಗೂ ಅನುಭವ ಇಲ್ಲದ ಕೆಲಸಕ್ಕೆ ಶೆಡ್ಡಿನ ಬಾಗಿಲು ತೆರೆದ ದಿನ ಅವರಿಗೆ ಹೇಗನ್ನಿಸಿರಬಹುದು ಅಂತ.

ಕೊನೆಗೆ ಒಂದು ನೋವಿನ ವಿಷಯ. 2009ರ ಜುಲೈ, ಶನಿವಾರ ರಾತ್ರಿ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಯಿತು. ಜನರೇಟರಿನಲ್ಲಿ ಡೀಸೆಲ್ ಇರ್ಲಿಲ್ಲ. ಸೋಮವಾರ ಬಾಗಿಲು ತೆಗೆದಾಗ ಮೈನಸ್ 80ರ ಫ್ರೀಜರಿನ ಕೆಳಗೆ ನೀರು. ಹನ್ನೆರಡು ವರ್ಷ ಕೂಡಿಸಿದ ಬ್ಯಾಕ್ಟೀರಿಯಾ ತಳಿಗಳು ಅದರಲ್ಲಿದ್ದವು. ಸುಮಾರು ಕಾಲು ಭಾಗ ಮಾತ್ರ ಬದುಕಿಸ್ಲಿಕ್ಕಾಯಿತು. ಒಬ್ಬ ವಿದ್ಯಾರ್ಥಿನಿಯ ಪಿಎಚ್‌ಡಿ ಒಂದೂವರೆ ವರ್ಷ ಹಿಂದೆ ಹೋಯಿತು. ಆಮೇಲೆ ನಾವು ಪ್ರತಿ ತಳಿಯನ್ನೂ ಎರಡು ಕಟ್ಟಡದಲ್ಲಿ ಇಟ್ಟೆವು, ಮುಖ್ಯವಾದವನ್ನು ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹಕ್ಕೆ ಕಳಿಸಿದೆವು. ನೀವು ಮೊದಲ ದಿನದಿಂದಲೇ ಹಾಗೆ ಮಾಡಿ.


ಅಳಿವೆಬಾಗಿಲು:

ಟೀಚರ್, ಎರಡು ಸಲ ಓದಿದೆ. ಉಪ್ಪಿನ ವಿಷಯ ನೀವು ಬರೆದದ್ದು ನನ್ನ ತಲೆಯಲ್ಲಿ ಅರ್ಧ ಇತ್ತು, ಇಷ್ಟು ಸ್ಪಷ್ಟವಾಗಿ ಇರಲಿಲ್ಲ. ಇಲ್ಲಿ ನನ್ನ ಮಾರ್ಗದರ್ಶಕರಿಗೆ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತು, ನಿಮ್ಮ ಊರಿನ ಹೊಳೆಯ ನಕ್ಷೆ ತೋರಿಸು ಅಂದರು.

ಎರಡು ಸಂಶಯ. ಎರಡನೆಯ ಹುದ್ದೆಗೆ ಅವರು ದಿನಾಂಕ ಬರೆದು ಕೊಡದಿದ್ದರೆ? ಮತ್ತು ಮುಖ್ಯಸ್ಥೆಯ ಜವಾಬ್ದಾರಿಯನ್ನು ಆರಂಭದಲ್ಲೇ ಬೇಡ ಅನ್ನಬಹುದೇ?


ಸಿಲಿಕಾ ಜೆಲ್:

ನಾನು ವಿಜ್ಞಾನಿ ಅಲ್ಲ, ಲ್ಯಾಬ್ ಟೆಕ್ನಿಶಿಯನ್. ಮಣಿಪಾಲದ ಕಡೆ 23 ವರ್ಷದಿಂದ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೇನೆ. ಟೀಚರ್ ಫ್ರೀಜರ್ ವಿಷಯ ಬರೆದದ್ದು ಓದಿ ಸುಮ್ಮನಿರಲು ಆಗಲಿಲ್ಲ.

ನಮ್ಮ ಕರಾವಳಿಯಲ್ಲಿ ಯಂತ್ರವನ್ನು ತಿನ್ನುವುದು ತೇವ. ಸೂಕ್ಷ್ಮದರ್ಶಕದ ಲೆನ್ಸಿಗೆ ಬೂಸ್ಟು ಬಂದರೆ ಗಾಜಿನ ಮೇಲೆ ಗೆರೆ ಉಳಿಯುತ್ತದೆ, ಒರೆಸಿದರೆ ಹೋಗುವುದಿಲ್ಲ. ಆಬ್ಜೆಕ್ಟಿವ್‌ಗಳನ್ನು ಬಿಚ್ಚಿ ತೇವ ಹೀರುವ ಸಿಲಿಕಾ ಜೆಲ್ ಹರಳು ಇರುವ ಡಬ್ಬಿಯಲ್ಲಿಡಿ. ಹರಳಿನ ನೀಲಿ ಹೋಗಿ ಗುಲಾಬಿ ಬಂದರೆ ಒಲೆಯಲ್ಲಿ 120 ಡಿಗ್ರಿಗೆ ಒಣಗಿಸಿ ಮತ್ತೆ ಬಳಸಿ. ಮಳೆಗಾಲದಲ್ಲಿ ಇದು ವಾರ ವಾರದ ಕೆಲಸ.

ಹಗಲು ಎಸಿ ಹಾಕಿ ರಾತ್ರಿ ಆರಿಸುವ ಪದ್ಧತಿ ಬೇಡವೇ ಬೇಡ. ಹಗಲು ತಣ್ಣಗಾದ ಲೋಹದ ಮೇಲೆ ಸಂಜೆಯ ಹಸಿ ಗಾಳಿ ಬಡಿದು ಒಳಗೆಲ್ಲ ನೀರು ಕಟ್ಟುತ್ತದೆ. ಬೋರ್ಡುಗಳು ಸುಟ್ಟು ಹೋಗುವುದು ಹೀಗೆ. ಗಾಳಿಯ ತೇವ ತೆಗೆಯುವ ಒಂದು ಡಿಹ್ಯುಮಿಡಿಫೈಯರ್ ದಿನವಿಡೀ ಓಡಿದರೆ ಎಸಿಗಿಂತ ಹೆಚ್ಚು ಉಪಕಾರ.

ಇನ್ನೊಂದು ಯಾರೂ ಹೇಳುವುದಿಲ್ಲ: ಅರ್ಥಿಂಗ್. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಅರ್ಥಿಂಗ್ ಚೆನ್ನಾಗಿರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ನೆಲ ಒಣಗಿದಾಗ ಕೆಡುತ್ತದೆ, ಸರಿಯಾಗಿ ಅದೇ ಹೊತ್ತಿಗೆ ಸಿಡಿಲು ಗುಡುಗು ಶುರುವಾಗುತ್ತದೆ. ಹೊಸ ಕೋಣೆ ಕೊಡುವಾಗ ನ್ಯೂಟ್ರಲ್ ಮತ್ತು ಅರ್ಥ್ ಮಧ್ಯೆ ಎಷ್ಟು ವೋಲ್ಟ್ ಇದೆ ಅಂತ ಎದುರಿಗೇ ಅಳೆಸಿ. ಎರಡು ವೋಲ್ಟಿಗಿಂತ ಹೆಚ್ಚಿದ್ದರೆ ದುಬಾರಿ ಯಂತ್ರ ಇಳಿಸಬೇಡಿ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕುವ ಕೆಲಸವನ್ನು ಒಬ್ಬರ ಹೆಸರಿಗೆ ಬರೆದಿಡಿ.

ಯಂತ್ರ ಕೇಳುವಾಗ ಅದನ್ನು ನೋಡಿಕೊಳ್ಳುವ ಜನವನ್ನೂ ಕೇಳಿ ಮೇಡಂ. ಲಕ್ಷಗಟ್ಟಲೆಯ ಯಂತ್ರ ಪ್ಲಾಸ್ಟಿಕ್ ಹೊದಿಕೆ ಹಾಕಿಕೊಂಡು ಕೂತಿರುವುದನ್ನು ಎಷ್ಟೋ ಕಡೆ ನೋಡಿ ಸಂಕಟಪಟ್ಟಿದ್ದೇನೆ. ವಾರಂಟಿ ಮುಗಿದ ಮರುವರ್ಷ ಅದನ್ನು ರಿಪೇರಿ ಮಾಡಲು ಯಾವ ಲೆಕ್ಕದಲ್ಲಿಯೂ ಹಣ ಇರುವುದಿಲ್ಲ.


ಕಟಪಾಡಿ ಟೀಚರ್:

ಸಿಲಿಕಾ ಜೆಲ್ ಅವರೆ, ನಿಮ್ಮಂಥ ಒಬ್ಬರು 1991ರಲ್ಲಿ ನನಗೆ ಸಿಕ್ಕಿದ್ದರೆ ಎಷ್ಟು ವರ್ಷ ಉಳೀತಿತ್ತು. ನಮ್ಮಲ್ಲಿ ಟೆಕ್ನಿಶಿಯನ್ ಹುದ್ದೆ ಮಂಜೂರಾದದ್ದು ಹದಿಮೂರನೆಯ ವರ್ಷದಲ್ಲಿ.

ಅಳಿವೆಬಾಗಿಲು ಅವರೆ, ದಿನಾಂಕ ಕೊಡದಿದ್ದರೆ ಇನ್ನೊಂದು ದಾರಿ ಕೇಳಿ: ಎರಡನೆಯವರು ಬರುವ ವರೆಗೆ ಎಂಎಸ್ಸಿ ತರಗತಿ ಶುರು ಮಾಡುವುದಿಲ್ಲ, ಮೊದಲ ವರ್ಷ ಪಿಎಚ್‌ಡಿ ಮತ್ತು ಪ್ರಾಜೆಕ್ಟ್ ಮಾತ್ರ ಅಂತ. ಅದಕ್ಕೂ ಒಪ್ಪದಿದ್ದರೆ, ಮೂರು ಹುದ್ದೆ ಎಂಬ ಮಾತನ್ನು ನಂಬಬೇಡಿ. ಒಬ್ಬರೇ ಹೊರುವುದಕ್ಕೆ ತಯಾರಿದ್ದೇನಾ ಅಂತ ಮಾತ್ರ ಯೋಚಿಸಿ. ಆಗ ನೀವು ಬೆಂಗಳೂರಿಗೆ ಹೋದರೆ ನಾನು ಒಂದಿಷ್ಟೂ ಬೇಸರ ಮಾಡುವುದಿಲ್ಲ.

ಮುಖ್ಯಸ್ಥೆಯ ಕೆಲಸ ಬೇಡ ಅನ್ನಬಹುದು. ಹತ್ತಿರದ ವಿಭಾಗದ ಹಿರಿಯ ಪ್ರಾಧ್ಯಾಪಕರನ್ನು ಎರಡು ವರ್ಷಕ್ಕೆ ಪ್ರಭಾರ ಮಾಡಿ ಅಂತ ವಿನಂತಿಸಿ. ಸಹಿ ಅವರದ್ದು, ಯೋಜನೆ ನಿಮ್ಮದು. ಒಳ್ಳೆಯ ಮನುಷ್ಯ ಸಿಕ್ಕಿದರೆ ಪರೀಕ್ಷಾಂಗದ ಕರೆಗಳೂ ಖರೀದಿಯ ಕಡತಗಳೂ ಅವರ ಮೇಜಿಗೆ ಹೋಗ್ತವೆ.

ಪಿಎಚ್‌ಡಿ ಮಕ್ಕಳ ಬಗ್ಗೆ ಒಂದು ಮಾತು. ಸಹಾಯಕ ಪ್ರಾಧ್ಯಾಪಕರು ಒಂದು ಹೊತ್ತಿಗೆ ನಾಲ್ಕು ಜನರನ್ನು ತೆಗೆದುಕೊಳ್ಳಬಹುದು. ನಾಲ್ಕನ್ನೂ ಮೊದಲ ವರ್ಷವೇ ತುಂಬಿಸಬೇಡಿ. ಒಬ್ಬರನ್ನು ತೆಗೆದುಕೊಳ್ಳಿ, ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಇದ್ದವರಾದರೆ ಒಳ್ಳೆಯದು, ತಿಂಗಳಿಗೆ 37,000 ಬರ್ತದೆ, ಮನೆಯವರ ಒತ್ತಡ ಕಡಿಮೆ. ಅವರಿಗೆ ನೀರು ತೆಗೆಯುವುದರಿಂದ ಹಿಡಿದು ಎಲ್ಲ ನೀವೇ ಕಲಿಸಿ. ಎರಡನೆಯವರಿಗೆ ಅವರು ಕಲಿಸ್ತಾರೆ. ದೊಡ್ಡ ಯಂತ್ರ ಬೇಕಾದಾಗ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಯಾವ ಸಂಸ್ಥೆಯಲ್ಲಿ ಯಾವುದು ಖಾಲಿ ಉಂಟು ಅಂತ ನೋಡಿ ಕಾಯ್ದಿರಿಸಬಹುದು, ನನ್ನ ಕಾಲದಲ್ಲಿ ಅದು ಇರ್ಲಿಲ್ಲ. ರಾತ್ರಿ ಬಸ್ಸಿನಲ್ಲಿ ಐಸ್ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಬೆಂಗಳೂರಿಗೆ ಹೋಗ್ತಿದ್ದೆವು. ಶಿರಾಡಿ ಘಾಟಿಯಲ್ಲಿ ಬಸ್ಸು ನಿಂತರೆ ಐಸ್ ಕರಗ್ತದೆ ಅಂತ ಎದೆ ಹೊಡೆದುಕೊಳ್ತಿತ್ತು.

ಕೀಲ್ ಬಿಡುವ ಮೊದಲು ನಿಮ್ಮ ಮಾರ್ಗದರ್ಶಕರ ಹತ್ತಿರ ಒಂದು ಕಾಗದ ಮಾಡಿಸಿಕೊಳ್ಳಿ, ಮೂರು ವರ್ಷ ಜಂಟಿ ಕೆಲಸ, ವರ್ಷಕ್ಕೆ ಒಂದು ತಿಂಗಳು ನೀವು ಅಲ್ಲಿ ಅಂತ. ಅವರು ನಕ್ಷೆ ಕೇಳಿದ್ದಾರಲ್ಲ, ಈ ವಾರವೇ ಕೇಳಿ.


ಅಳಿವೆಬಾಗಿಲು:

ಕೇಳಿದೆ. ಬರೆದು ಕೊಡಲು ಒಪ್ಪಿದ್ದಾರೆ, ಒಂದು ತಿಂಗಳ ಬದಲು ಆರು ವಾರ ಅಂತ ಅವರೇ ತಿದ್ದಿದರು.

ವಿಶ್ವವಿದ್ಯಾಲಯಕ್ಕೆ ನಿನ್ನೆ ಪತ್ರ ಕಳಿಸಿದೆ. ಎರಡನೆಯ ಹುದ್ದೆಯ ದಿನಾಂಕ, ಪ್ರಭಾರ ಮುಖ್ಯಸ್ಥರು, ಟೆಕ್ನಿಶಿಯನ್, ಮೊದಲ ವರ್ಷ ಎಂಎಸ್ಸಿ ಬೇಡ, ನಾಲ್ಕೂ ಬರೆದೆ. ಬೆಂಗಳೂರಿನವರ ಹತ್ತಿರ ಹತ್ತು ದಿನ ಹೆಚ್ಚು ಕೇಳಿಕೊಂಡಿದ್ದೇನೆ, ಕೊಟ್ಟಿದ್ದಾರೆ. ಮುಂದಿನ ಗುರುವಾರ ಊರಿಗೆ ಬರುತ್ತೇನೆ, ವಿಭಾಗಕ್ಕೆ ಕೊಡುವ ಕೋಣೆಗಳನ್ನು ನೋಡಬೇಕು. ಸಿಲಿಕಾ ಜೆಲ್ ಅವರೇ, ನ್ಯೂಟ್ರಲ್ ಅರ್ಥ್ ಅಳೆಯಲು ಸಾಮಾನ್ಯ ಮಲ್ಟಿಮೀಟರ್ ಸಾಕಾಗುತ್ತದೆಯೇ? ಅಣ್ಣನ ಹತ್ತಿರ ಒಂದಿದೆ, ತರುತ್ತೇನೆ.


ಸಿಲಿಕಾ ಜೆಲ್:

ಸಾಕು. ಮೀಟರನ್ನು ಎಸಿ (ಪರ್ಯಾಯ ವಿದ್ಯುತ್) ವೋಲ್ಟೇಜ್‌ಗೆ ಇಟ್ಟು ಅಳೆಯಿರಿ. ಎಲ್ಲ ಫ್ಯಾನ್, ಎಸಿ ಹಾಕಿಸಿ ಲೋಡ್ ಇರುವಾಗ ಒಮ್ಮೆ, ಆರಿಸಿ ಒಮ್ಮೆ. ಎರಡನ್ನೂ ಬರೆದುಕೊಂಡು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.